ಜಾಗತಿಕ ವ್ಯಾಪಾರ ಮಾತುಕತೆಗಳಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವ ವ್ಯಾಪಾರ ಸಂಘಟನೆಯ (ಡಬ್ಲ್ಯುಟಿಒ) ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಬಡ ದೇಶಗಳ ಕೈ ಕಟ್ಟಿಹಾಕಲೆಂದೇ ಹುಟ್ಟಿದ ಸಂಸ್ಥೆ ಅದು ಎಂಬುದು ಒಂದು. ಅಲ್ಲಿಗೆ ಹೋಗಿ ನಮ್ಮವರು ಎಲ್ಲರನ್ನೂ ಮಣಿಸಿ ಬಂದರು ಎಂಬುದು ಇನ್ನೊಂದು. ದಾಖಲೆಗಳನ್ನು ಬಿಡಿಸಿ ನೋಡಿದರೆ ಎರಡೂ ಅರ್ಧ ಸತ್ಯ. ಅಭಿವೃದ್ಧಿಶೀಲ ರಾಷ್ಟ್ರಗಳು ಒಟ್ಟಾಗಿ ನಿಂತು ತಮಗೆ ಬೇಡವಾದದ್ದನ್ನು ತಡೆದ ಉದಾಹರಣೆಗಳು ಸಾಕಷ್ಟಿವೆ. ಬೇಕಾದದ್ದನ್ನು ಒಪ್ಪಂದದಲ್ಲಿ ಬರೆಸಿಕೊಂಡ ಉದಾಹರಣೆಗಳು ಕಡಿಮೆ. ಕೆಳಗಿನ ಹೆಚ್ಚಿನ ಉತ್ತರಗಳು ಈ ಎರಡರ ನಡುವಿನ ಅಂತರವನ್ನು ಕುರಿತವು.

ಯಾವ ದೇಶ ‘ಅಭಿವೃದ್ಧಿಶೀಲ’ ಎಂದು ಯಾರು ತೀರ್ಮಾನಿಸುತ್ತಾರೆ?

ಆಯಾ ದೇಶವೇ. ಡಬ್ಲ್ಯುಟಿಒದಲ್ಲಿ ಇದಕ್ಕೆ ಆದಾಯದ ಮಾನದಂಡವಿಲ್ಲ; ನಾವು ಅಭಿವೃದ್ಧಿಶೀಲ ರಾಷ್ಟ್ರ ಎಂದು ಸದಸ್ಯ ದೇಶ ತಾನೇ ಘೋಷಿಸಿಕೊಳ್ಳುತ್ತದೆ. ‘ಅತ್ಯಂತ ಹಿಂದುಳಿದ ದೇಶ’ ಎಂಬ ಪಟ್ಟಿ ಮಾತ್ರ ವಿಶ್ವಸಂಸ್ಥೆಯದು, ಅದಕ್ಕೆ ನಿಗದಿತ ಮಾನದಂಡಗಳಿವೆ. ಸ್ವಯಂ ಘೋಷಣೆಯ ಈ ಪದ್ಧತಿ ಬಹಳ ಕಾಲದಿಂದ ಜಗಳದ ವಸ್ತು. ಚೀನಾ, ಭಾರತದಂಥ ದೊಡ್ಡ ಆರ್ಥಿಕತೆಗಳು ಬೆನಿನ್, ಚಾಡ್‌ಗಳ ಸಾಲಿನಲ್ಲಿ ಕೂರುವುದು ಸರಿಯಲ್ಲ ಎಂಬುದು ಅಮೆರಿಕದ ವಾದ. ಒಟ್ಟು ಗಾತ್ರ ನೋಡಬೇಡಿ, ತಲಾ ಆದಾಯವನ್ನೂ ಬೇಸಾಯ ನಂಬಿದವರ ಸಂಖ್ಯೆಯನ್ನೂ ನೋಡಿ ಎಂಬುದು ಭಾರತದ ಉತ್ತರ. ಮುಂದಿನ ಮಾತುಕತೆಗಳಲ್ಲಿ ಈ ಘೋಷಣೆಯಿಂದ ಸಿಗುವ ರಿಯಾಯಿತಿ ಕೇಳುವುದಿಲ್ಲ ಎಂದು ಬ್ರೆಜಿಲ್ ಮತ್ತು ದಕ್ಷಿಣ ಕೊರಿಯಾ 2019ರಲ್ಲಿ, ಚೀನಾ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದವು. ಭಾರತ ಹಾಗೆ ಹೇಳಿಲ್ಲ.

ಈ ವ್ಯವಸ್ಥೆ ಹುಟ್ಟಿದಾಗ ಬಡ ದೇಶಗಳು ಅಲ್ಲಿ ಇದ್ದವೇ?

ಇದ್ದವು, ಮೊದಲ ದಿನದಿಂದಲೇ. ಡಬ್ಲ್ಯುಟಿಒಗೆ ಮುಂಚೆ ಇದ್ದದ್ದು ಗ್ಯಾಟ್, ಅಂದರೆ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ. 1947ರ ಆ ಒಪ್ಪಂದದ 23 ಮೂಲ ಸದಸ್ಯರಲ್ಲಿ ಭಾರತ, ಪಾಕಿಸ್ತಾನ, ಬರ್ಮಾ, ಸಿಲೋನ್, ಬ್ರೆಜಿಲ್, ಚಿಲಿ, ಕ್ಯೂಬಾ, ಚೀನಾ, ಸಿರಿಯಾ, ಲೆಬನಾನ್ ಎಲ್ಲವೂ ಸೇರಿದ್ದವು. ಇನ್ನೂ ವಿಶಾಲವಾದ ಅಂತರರಾಷ್ಟ್ರೀಯ ವ್ಯಾಪಾರ ಸಂಸ್ಥೆಯೊಂದನ್ನು ಕಟ್ಟುವ ಹವಾನಾ ಸನ್ನದು 1948ರಲ್ಲಿ ಸಿದ್ಧವಾಗಿತ್ತಾದರೂ ಅಮೆರಿಕದ ಕಾಂಗ್ರೆಸ್ ಅದಕ್ಕೆ ಅನುಮೋದನೆ ಕೊಡದೆ ಅದು ಕಡತದಲ್ಲೇ ಉಳಿಯಿತು. ತಾತ್ಕಾಲಿಕ ವ್ಯವಸ್ಥೆಯೆಂದು ಹೊರಟ ಗ್ಯಾಟ್ 47 ವರ್ಷ ಬಾಳಿತು.

ಆದರೆ ಕುರ್ಚಿ ಇದ್ದ ಮಾತ್ರಕ್ಕೆ ಮಾತು ನಡೆಯುತ್ತಿತ್ತು ಎನ್ನುವಂತಿಲ್ಲ. ಬಡ ದೇಶಗಳು ಮಾರಬಲ್ಲವಾಗಿದ್ದ ಸರಕುಗಳು ಎರಡು, ಕೃಷಿ ಉತ್ಪನ್ನ ಮತ್ತು ಬಟ್ಟೆ. ಗ್ಯಾಟ್ ನಿಯಮಗಳು ಸಡಿಲವಾಗಿದ್ದದ್ದೂ ಸರಿಯಾಗಿ ಆ ಎರಡರಲ್ಲೇ. ಬಟ್ಟೆಗೆ ಪ್ರತಿ ದೇಶಕ್ಕೂ ಇಷ್ಟೆಂದು ಕೋಟಾ ಹಾಕುವ ಬಹುನಾರು ಒಪ್ಪಂದ 1974ರಲ್ಲಿ ಬಂದು, ಬೇರೆ ಬೇರೆ ಹೆಸರಿನಲ್ಲಿ 2004ರ ಕೊನೆಯವರೆಗೂ ಮುಂದುವರಿಯಿತು. ಮುಕ್ತ ವ್ಯಾಪಾರದ ಉಪದೇಶ ಮಾಡುತ್ತಿದ್ದ ದೇಶಗಳೇ ಮೂರು ದಶಕ ಕಾಲ ಅಂಗಿ, ಚಡ್ಡಿಗಳನ್ನು ಎಣಿಸಿ ಒಳಗೆ ಬಿಟ್ಟುಕೊಂಡವು ಎಂಬುದನ್ನು ಇಂದಿನ ಚರ್ಚೆಗಳಲ್ಲಿ ಯಾರೂ ನೆನಪಿಸುವುದಿಲ್ಲ.

ವಿಶೇಷ ಮತ್ತು ಭಿನ್ನ ಉಪಚಾರ ಎಂದರೇನು?

ಬಡ ದೇಶಗಳಿಗೆ ಹೆಚ್ಚಿನ ಕಾಲಾವಕಾಶ, ಕಡಿಮೆ ಸುಂಕ ಕಡಿತ, ಶ್ರೀಮಂತ ಮಾರುಕಟ್ಟೆಗಳಲ್ಲಿ ಸುಂಕ ವಿನಾಯಿತಿ ಇತ್ಯಾದಿಗಳಿಗೆ ಒಟ್ಟಾಗಿ ಇರುವ ಹೆಸರು ಅದು. 1964ರಲ್ಲಿ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರಾಲ್ ಪ್ರೆಬಿಷ್ ಅವರ ನೇತೃತ್ವದಲ್ಲಿ ಅಂಕ್‌ಟಾಡ್ (ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ) ಶುರುವಾದದ್ದು, ಅದೇ ವರ್ಷ 77 ಅಭಿವೃದ್ಧಿಶೀಲ ದೇಶಗಳ ಗುಂಪು ಹುಟ್ಟಿದ್ದು, 1968ರಲ್ಲಿ ದೆಹಲಿಯಲ್ಲಿ ನಡೆದ ಅಂಕ್‌ಟಾಡ್ ಸಮ್ಮೇಳನದಲ್ಲಿ ಸುಂಕ ಆದ್ಯತೆಯ ತತ್ವಕ್ಕೆ ಒಪ್ಪಿಗೆ ಸಿಕ್ಕಿದ್ದು, 1979ರಲ್ಲಿ ಅದಕ್ಕೆ ಗ್ಯಾಟ್‌ನೊಳಗೆ ಶಾಶ್ವತ ಆಧಾರ ದೊರೆತದ್ದು ಇದರ ಮೆಟ್ಟಿಲುಗಳು. ಇದರಲ್ಲಿ ಒಂದು ಕುಂದಿದೆ. ಸುಂಕ ಆದ್ಯತೆ ಕೊಡುವವರ ಮರ್ಜಿಯೇ ಹೊರತು ಪಡೆಯುವವರ ಹಕ್ಕಲ್ಲ. ಭಾರತಕ್ಕೆ ಕೊಡುತ್ತಿದ್ದ ಇಂಥ ಸೌಲಭ್ಯವನ್ನು ಅಮೆರಿಕ 2019ರ ಜೂನ್‌ನಲ್ಲಿ ಒಂದು ಆದೇಶದಿಂದ ನಿಲ್ಲಿಸಿತು. ದೂರು ಕೊಡಲು ಗಟ್ಟಿಯಾದ ಕಲಮು ಯಾವುದೂ ಇರಲಿಲ್ಲ.

ಡಂಕೆಲ್ ಪ್ರಸ್ತಾವದ ವಿರುದ್ಧ ಕರ್ನಾಟಕದಲ್ಲಿ ಅಷ್ಟು ದೊಡ್ಡ ಹೋರಾಟ ಏಕೆ ನಡೆಯಿತು? ಅದರಿಂದ ಏನಾದರೂ ಆಯಿತೇ?

1986ರಲ್ಲಿ ಉರುಗ್ವೆಯ ಪುಂಟಾ ಡೆಲ್ ಎಸ್ಟೆಯಲ್ಲಿ ಆರಂಭವಾದ ಗ್ಯಾಟ್ ಮಾತುಕತೆಯ ಸುತ್ತಿನಲ್ಲಿ ಸೇವೆಗಳು, ಪೇಟೆಂಟ್, ಹೂಡಿಕೆ ಎಂಬ ಹೊಸ ವಿಷಯಗಳನ್ನು ಸೇರಿಸಬೇಕೆಂದು ಶ್ರೀಮಂತ ದೇಶಗಳು ಪಟ್ಟು ಹಿಡಿದವು. ಭಾರತ ಮತ್ತು ಬ್ರೆಜಿಲ್ ಮುಂದಾಳತ್ವದ ಹತ್ತು ದೇಶಗಳ ಗುಂಪು ವಿರೋಧಿಸಿತು. 1989ರ ಹೊತ್ತಿಗೆ, ಅಮೆರಿಕ ಬೇರೆ ದೇಶಗಳ ಮೇಲೆ ವ್ಯಾಪಾರ ನಿರ್ಬಂಧ ಹೇರಲು ಅವಕಾಶ ಕೊಡುವ ತನ್ನ ‘ಸೂಪರ್ 301’ ಕಾಯ್ದೆಯಡಿ ಇವೆರಡೂ ದೇಶಗಳನ್ನು ಹೆಸರಿಸಿ ಒತ್ತಡ ಹೇರುತ್ತಿದ್ದಾಗ, ಆ ವಿರೋಧ ಕರಗಿತು. 1991ರ ಡಿಸೆಂಬರ್‌ನಲ್ಲಿ ಗ್ಯಾಟ್ ಮಹಾನಿರ್ದೇಶಕ ಆರ್ಥರ್ ಡಂಕೆಲ್ ಮುಂದಿಟ್ಟ ಕರಡೇ ಡಂಕೆಲ್ ಪ್ರಸ್ತಾವ. ಅದರ ಕೊಡುಕೊಳ್ಳುವಿಕೆ ಸ್ಥೂಲವಾಗಿ ಹೀಗಿತ್ತು: ಬಡ ದೇಶಗಳು ಪೇಟೆಂಟ್ ಮತ್ತು ಸೇವೆಗಳನ್ನು ಒಪ್ಪಬೇಕು, ಬದಲಿಗೆ ಬಟ್ಟೆಯ ಕೋಟಾ ಹೋಗುತ್ತದೆ, ಕೃಷಿಯೂ ನಿಯಮದೊಳಗೆ ಬರುತ್ತದೆ. ಕೊಡಬೇಕಾದದ್ದಕ್ಕೆ ಕಟ್ಟುನಿಟ್ಟಾದ ಗಡುವು. ಬರಬೇಕಾದ ಬಟ್ಟೆಯ ಲಾಭಕ್ಕೆ ಹತ್ತು ವರ್ಷದ ಕಂತು, ಅದರಲ್ಲೂ ಬಹುಪಾಲು ಕೊನೆಯ ದಿನಕ್ಕೆ.

ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಇದನ್ನು ಬಿತ್ತನೆ ಬೀಜದ ಪ್ರಶ್ನೆಯಾಗಿ ಹಳ್ಳಿಗೆ ಕೊಂಡೊಯ್ದಿತು. ಮನೆಯ ಬೀಜವನ್ನು ಮರುವರ್ಷ ಬಿತ್ತಲು ಕಂಪನಿಗೆ ಹಣ ಕೊಡಬೇಕೇ ಎಂದು ಕೇಳಿದಾಗ ಪೇಟೆಂಟ್ ಪದ ತಿಳಿಯದವರಿಗೂ ವಿಷಯ ತಿಳಿಯಿತು. 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಯ ಮೇಲೆ ನಡೆದ ದಾಳಿ ದೇಶದಾಚೆಗೂ ಸುದ್ದಿಯಾಯಿತು. ಆ ದಾಳಿಯ ಸರಿ ತಪ್ಪುಗಳ ಬಗ್ಗೆ ಭಿನ್ನಾಭಿಪ್ರಾಯ ಅಂದೂ ಇತ್ತು, ಇಂದೂ ಇದೆ.

1994ರ ಏಪ್ರಿಲ್ 15ರಂದು ಮರಾಕೆಷ್‌ನಲ್ಲಿ ಸಹಿ ಬಿದ್ದದ್ದನ್ನು ಹೋರಾಟ ತಡೆಯಲಿಲ್ಲ. ಆದರೆ ಸಸ್ಯ ತಳಿಗಳಿಗೆ ಪೇಟೆಂಟ್ ಕೊಡದಿದ್ದರೆ ಬೇರೆ ಯಾವುದಾದರೂ ಪರಿಣಾಮಕಾರಿ ರಕ್ಷಣೆ ಸಾಕು ಎಂಬ ಆಯ್ಕೆಯೊಂದು ಒಪ್ಪಂದದಲ್ಲಿ ಉಳಿದಿತ್ತು. ಅದನ್ನು ಬಳಸಿಕೊಂಡು ಭಾರತ 2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಬ್ರ್ಯಾಂಡ್ ಹೆಸರು ಹಾಕದೆ ಮಾರಲೂಬಹುದು ಎಂದು ಆ ಕಾಯ್ದೆ ಹೇಳುತ್ತದೆ. ಬೀದಿಯ ಕೂಗು ಇಲ್ಲದಿದ್ದರೆ ಆ ಕಲಮು ಅಷ್ಟು ಸ್ಪಷ್ಟವಾಗಿ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಎಲ್ಲ ದೇಶಕ್ಕೂ ಒಂದೇ ಮತವಲ್ಲವೇ? ಸಂಖ್ಯೆಯಲ್ಲಿ ಹೆಚ್ಚಿರುವ ಬಡ ದೇಶಗಳು ಏಕೆ ಗೆಲ್ಲುವುದಿಲ್ಲ?

ಇಂದು 166 ಸದಸ್ಯರಿದ್ದಾರೆ, ಮತವೂ ಸಮಾನ. ಆದರೆ ಮತ ಹಾಕುವ ರೂಢಿ ಇಲ್ಲ. ತೀರ್ಮಾನಗಳೆಲ್ಲ ಸರ್ವಸಮ್ಮತಿಯಿಂದ ಆಗುತ್ತವೆ, ಅಂದರೆ ಸಭೆಯಲ್ಲಿ ಹಾಜರಿದ್ದ ಯಾರೂ ಎದ್ದು ಬೇಡವೆನ್ನದಿದ್ದರೆ ಒಪ್ಪಿಗೆಯಾದಂತೆ. ಇದರಲ್ಲಿ ‘ಹಾಜರಿದ್ದ’ ಎಂಬ ಪದವೇ ಮುಖ್ಯ. ಡಬ್ಲ್ಯುಟಿಒ ಕೇಂದ್ರ ಕಚೇರಿಯಿರುವ, ಒಂದೇ ದಿನ ಮೂರು ನಾಲ್ಕು ಸಮಿತಿಗಳು ಕೂಡುವ ಜಿನೀವಾದಲ್ಲಿ ಇಬ್ಬರೋ ಮೂವರೋ ಅಧಿಕಾರಿಗಳಿರುವ ದೇಶ ಯಾವ ಕೋಣೆಗೆ ಹೋಗಬೇಕು? ಅಲ್ಲಿ ಕಚೇರಿಯನ್ನೇ ಇಡಲಾಗದ ಸದಸ್ಯರೂ ಇದ್ದಾರೆ. ಇದರ ಜೊತೆಗೆ ‘ಗ್ರೀನ್ ರೂಮ್’ ಪದ್ಧತಿ: ಮೂವತ್ತರ ಆಸುಪಾಸಿನ ದೇಶಗಳನ್ನು ಕರೆದು ಮೊದಲು ಅಲ್ಲಿ ಹದ ಮಾಡಿ, ಬೆಂದ ಅಡುಗೆಯನ್ನು ಉಳಿದವರ ಮುಂದಿಡುವುದು. 1999ರ ಸಿಯಾಟಲ್ ಸಮ್ಮೇಳನ ಮುರಿದುಬಿದ್ದದ್ದಕ್ಕೆ ಬೀದಿಯ ಪ್ರತಿಭಟನೆಯಷ್ಟೇ, ಬಾಗಿಲ ಹೊರಗೆ ಉಳಿದ ಆಫ್ರಿಕಾ, ಕೆರಿಬಿಯನ್ ದೇಶಗಳ ಸಿಟ್ಟೂ ಕಾರಣವಾಗಿತ್ತು.

2003ರ ಕಾನ್‌ಕೂನ್ ಸಮ್ಮೇಳನವನ್ನು ತಿರುವು ಎನ್ನುವುದೇಕೆ?

ಅಲ್ಲಿ ಬಡ ದೇಶಗಳು ‘ಬೇಡ’ ಎನ್ನುವ ಜೊತೆಗೆ ತಮ್ಮದೇ ಕರಡನ್ನೂ ಹಿಡಿದುಕೊಂಡು ಹೋಗಿದ್ದವು. 2001ರಲ್ಲಿ ದೋಹಾದಲ್ಲಿ ಆರಂಭವಾದ ಸುತ್ತಿಗೆ ‘ಅಭಿವೃದ್ಧಿ ಕಾರ್ಯಸೂಚಿ’ ಎಂಬ ಹೆಸರೇನೋ ಇತ್ತು. ಆದರೆ 2003ರ ಆಗಸ್ಟ್ 13ರಂದು ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಸೇರಿ ಬಿಟ್ಟ ಕೃಷಿ ಕರಡಿನಲ್ಲಿ ಇಬ್ಬರ ಸಹಾಯಧನಗಳೂ ಹೆಚ್ಚು ಅಲುಗಾಡದೆ ಉಳಿಯುವಂತಿತ್ತು. ಒಂದೇ ವಾರದಲ್ಲಿ, ಆಗಸ್ಟ್ 20ಕ್ಕೆ, ಬ್ರೆಜಿಲ್, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಮೊದಲಾದವು ಪ್ರತಿ ಕರಡು ಸಲ್ಲಿಸಿದವು. ಆ ಗುಂಪಿಗೆ ಜಿ-20 ಎಂಬ ಹೆಸರು ಬಂತು. ಇಂದು ರಾಷ್ಟ್ರಾಧ್ಯಕ್ಷರು ಸೇರುವ ಜಿ-20 ಬೇರೆ, ಇದು ಬೇರೆ.

ಈ ಗುಂಪಿನ ರಚನೆಯೇ ಕುತೂಹಲಕರ. ಬ್ರೆಜಿಲ್ ಕೃಷಿ ರಫ್ತಿನ ದೈತ್ಯ, ಅದಕ್ಕೆ ಎಲ್ಲರ ಮಾರುಕಟ್ಟೆಯೂ ತೆರೆಯಬೇಕು. ಭಾರತಕ್ಕೆ ಸಣ್ಣ ಹಿಡುವಳಿದಾರರನ್ನು ಆಮದಿನಿಂದ ಕಾಯಬೇಕು. ಸಹಜವಾಗಿ ಎದುರುಬದುರಾಗಬೇಕಿದ್ದವರನ್ನು ಬ್ರೆಜಿಲ್‌ನ ವಿದೇಶಾಂಗ ಸಚಿವ ಸೆಲ್ಸೊ ಅಮೊರಿಮ್ ಅವರಂಥ ರಾಜತಾಂತ್ರಿಕರು ಒಂದೇ ಮೇಜಿಗೆ ತಂದರು: ಮೊದಲು ಶ್ರೀಮಂತರ ಸಹಾಯಧನ ಇಳಿಯಲಿ, ನಮ್ಮ ನಮ್ಮ ಲೆಕ್ಕ ಆಮೇಲೆ ನೋಡೋಣ ಎಂಬುದು ಒಪ್ಪಂದ. ಸಮ್ಮೇಳನ ಕೊನೆಗೆ ಮುರಿದದ್ದು ಕೃಷಿಯ ಮೇಲಲ್ಲ. ಹೂಡಿಕೆ, ಸ್ಪರ್ಧಾ ನೀತಿ, ಸರ್ಕಾರಿ ಖರೀದಿಯ ಪಾರದರ್ಶಕತೆ ಮತ್ತು ವ್ಯಾಪಾರ ಸುಗಮಗೊಳಿಸುವಿಕೆ ಎಂಬ ನಾಲ್ಕು ‘ಸಿಂಗಪುರ ವಿಷಯ’ಗಳನ್ನು ಆಫ್ರಿಕಾದ ದೇಶಗಳು ಒಪ್ಪದಿದ್ದಾಗ, ಅಧ್ಯಕ್ಷತೆ ವಹಿಸಿದ್ದ ಮೆಕ್ಸಿಕೊದ ವಿದೇಶಾಂಗ ಸಚಿವ ಲೂಯಿಸ್ ಎರ್ನೆಸ್ಟೊ ಡೆರ್ಬೆಸ್ ಸೆಪ್ಟೆಂಬರ್ 14ರಂದು ಸಭೆ ಮುಗಿಸಿಬಿಟ್ಟರು. ಮರುವರ್ಷ ಆ ನಾಲ್ಕರಲ್ಲಿ ಮೂರು ಕಾರ್ಯಸೂಚಿಯಿಂದ ಹೋದವು.

ಉಳಿದ ನಾಲ್ಕನೆಯದು, ಅಂದರೆ ಬಂದರು ಮತ್ತು ಸುಂಕ ಕಟ್ಟೆಗಳ ಕೆಲಸ ಸುಗಮಗೊಳಿಸುವ ಒಪ್ಪಂದ, 2017ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಯಾವ ಕಲಮನ್ನು ಈಗಲೇ, ಯಾವುದನ್ನು ತಡವಾಗಿ, ಯಾವುದನ್ನು ನೆರವು ಸಿಕ್ಕ ಮೇಲೆ ಜಾರಿ ಮಾಡುತ್ತೇವೆಂದು ಬಡ ದೇಶಗಳೇ ಗುರುತಿಸುವ ಅವಕಾಶ ಅದರಲ್ಲಿದೆ. ಬರೆಸಿಕೊಂಡ ಕೆಲವೇ ಲಾಭಗಳಲ್ಲಿ ಇದೂ ಒಂದು.

ಹತ್ತಿಯ ವಿಷಯ ಅಷ್ಟು ಪ್ರಸಿದ್ಧವಾದದ್ದು ಹೇಗೆ?

ಬೆನಿನ್, ಬುರ್ಕಿನಾ ಫಾಸೊ, ಚಾಡ್ ಮತ್ತು ಮಾಲಿ ಎಂಬ ಪಶ್ಚಿಮ ಹಾಗೂ ಮಧ್ಯ ಆಫ್ರಿಕಾದ ನಾಲ್ಕು ದೇಶಗಳು 2003ರಲ್ಲಿ ಒಂದೇ ಬೇಡಿಕೆ ಇಟ್ಟವು: ಹತ್ತಿಗೆ ಕೊಡುವ ಸಹಾಯಧನ ನಿಲ್ಲಿಸಿ, ನಾವು ದಾನ ಕೇಳುತ್ತಿಲ್ಲ. ಅಮೆರಿಕ ಆಗ ತನ್ನ ಸುಮಾರು 25,000 ಹತ್ತಿ ಬೆಳೆಗಾರರಿಗೆ ವರ್ಷಕ್ಕೆ ನೂರಾರು ಕೋಟಿ ಡಾಲರ್ ಕೊಡುತ್ತಿತ್ತು. ಅದರಿಂದ ಜಾಗತಿಕ ಬೆಲೆ ಕುಸಿದು ಹೊಡೆತ ಬೀಳುತ್ತಿದ್ದದ್ದು ಹತ್ತಿಯಲ್ಲದೆ ಮಾರಲು ಬೇರೇನೂ ಹೆಚ್ಚಿಲ್ಲದ ಈ ದೇಶಗಳಿಗೆ.

ಇದೇ ವಿಷಯದಲ್ಲಿ ಬ್ರೆಜಿಲ್ 2002ರಲ್ಲೇ ಅಮೆರಿಕದ ವಿರುದ್ಧ ದೂರು ಹೂಡಿತ್ತು. ಬೆನಿನ್ ಮತ್ತು ಚಾಡ್ ಮೂರನೆಯ ಪಕ್ಷಕಾರರಾಗಿ ಸೇರಿಕೊಂಡವು. 2005ರಲ್ಲಿ ಮೇಲ್ಮನವಿ ಮಂಡಳಿಯೂ ಬ್ರೆಜಿಲ್ ಪರ ತೀರ್ಪು ಕೊಟ್ಟಿತು. ಆಮೇಲೆ ನಡೆದದ್ದನ್ನು ಗಮನಿಸಬೇಕು. ಅಮೆರಿಕ ತೀರ್ಪನ್ನು ಪೂರ್ತಿ ಪಾಲಿಸಲಿಲ್ಲ. ಬ್ರೆಜಿಲ್ ಅಮೆರಿಕದ ಸರಕಿನ ಮೇಲಷ್ಟೇ ಅಲ್ಲದೆ ಪೇಟೆಂಟ್‌ಗಳ ಮೇಲೂ ಪ್ರತೀಕಾರ ತೀರಿಸುವ ಅನುಮತಿ ಪಡೆಯಿತು. ಆ ಬೆದರಿಕೆಗೆ ಮಣಿದು ಅಮೆರಿಕ 2010ರಿಂದ ವರ್ಷಕ್ಕೆ 14.73 ಕೋಟಿ ಡಾಲರ್ ಲೆಕ್ಕದಲ್ಲಿ ಬ್ರೆಜಿಲ್‌ನ ಹತ್ತಿ ಸಂಸ್ಥೆಗೆ ಹಣ ಕಟ್ಟಿತು, 2014ರಲ್ಲಿ ಇನ್ನೊಂದು 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ದಂಡ ಕಟ್ಟಿ ತಪ್ಪನ್ನು ಮುಂದುವರಿಸಿದ ಹಾಗೆ.

ಬ್ರೆಜಿಲ್‌ಗೆ ಹೆದರಿಸುವಷ್ಟು ಮಾರುಕಟ್ಟೆ ಇತ್ತು. ಅದಿಲ್ಲದವರ ಗತಿ ತಿಳಿಯಲು ಆಂಟಿಗುವಾವನ್ನು ನೋಡಬಹುದು. ಒಂದು ಲಕ್ಷದಷ್ಟೇ ಜನಸಂಖ್ಯೆಯ ಈ ದ್ವೀಪ ಆನ್‌ಲೈನ್ ಜೂಜಿನ ಸೇವೆಯ ನಿಷೇಧದ ವಿಷಯದಲ್ಲಿ ಅಮೆರಿಕದ ವಿರುದ್ಧ ಗೆದ್ದು, 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್ ಮೌಲ್ಯದ ಪ್ರತೀಕಾರದ ಹಕ್ಕನ್ನೂ ಪಡೆಯಿತು. ಅದು ಕಾಗದದ ಮೇಲೇ ಉಳಿಯಿತು.

ದೋಹಾ ಸುತ್ತು 2008ರಲ್ಲಿ ನಿಂತದ್ದು ಭಾರತದಿಂದಲೇ?

ಭಾರತದಿಂದಲೂ ಹೌದು. ಆಮದು ಏಕಾಏಕಿ ಏರಿದರೆ ಬಡ ದೇಶ ತಾತ್ಕಾಲಿಕವಾಗಿ ಸುಂಕ ಏರಿಸಬಹುದು ಎಂಬ ವಿಶೇಷ ರಕ್ಷಣಾ ವ್ಯವಸ್ಥೆಯ ಮೇಲೆ ಆ ಜುಲೈನಲ್ಲಿ ಮಾತು ಮುರಿಯಿತು. ಆಮದು ಶೇ 40ರಷ್ಟು ಏರಿದ ಮೇಲೆ ಮಾತ್ರ ಒಪ್ಪಿಕೊಂಡ ಗರಿಷ್ಠ ಮಿತಿಯನ್ನೂ ಮೀರಿ ಸುಂಕ ಏರಿಸಲಿ ಎಂದು ಕರಡು ಹೇಳಿತು. ಅಷ್ಟರಲ್ಲಿ ರೈತ ಮುಳುಗಿಹೋಗಿರುತ್ತಾನೆ ಎಂದು ಭಾರತದ ವಾಣಿಜ್ಯ ಸಚಿವ ಕಮಲ್ ನಾಥ್ ಮತ್ತು ಇಂಡೊನೇಷ್ಯಾ ನೇತೃತ್ವದ, ಸಣ್ಣ ರೈತರ ರಕ್ಷಣೆ ಕೇಳುವ ಅಭಿವೃದ್ಧಿಶೀಲ ದೇಶಗಳ ಜಿ-33 ಗುಂಪು ವಾದಿಸಿದವು. ಅಮೆರಿಕವೂ ಜಗ್ಗಲಿಲ್ಲ. ಅಂದು ತಡೆದದ್ದಕ್ಕೆ ಊರಲ್ಲಿ ಸನ್ಮಾನವೇನೋ ಸಿಕ್ಕಿತು, ಆದರೆ ಆ ರಕ್ಷಣಾ ವ್ಯವಸ್ಥೆ ಇಂದಿಗೂ ಬಂದಿಲ್ಲ.

ಡಬ್ಲ್ಯುಟಿಒ ನಮ್ಮ ಪಡಿತರ ಅಕ್ಕಿಯನ್ನು ನಿಲ್ಲಿಸಬಲ್ಲದೇ?

ಇದು ಹೆಚ್ಚು ಕೇಳುವ ಪ್ರಶ್ನೆ, ಹೆಚ್ಚು ಗೊಂದಲದ ಪ್ರಶ್ನೆಯೂ ಹೌದು. ಬಡವರಿಗೆ ಅಗ್ಗದ ಬೆಲೆಗೆ ಅಥವಾ ಉಚಿತವಾಗಿ ಧಾನ್ಯ ಕೊಡುವುದಕ್ಕೆ ಡಬ್ಲ್ಯುಟಿಒದ ಆಕ್ಷೇಪವಿಲ್ಲ. ಪಡಿತರ ಅಂಗಡಿಯ ತಕ್ಕಡಿಯಿಂದ ಈಚೆಗೆ ಏನು ನಡೆದರೂ ಅದಕ್ಕೆ ಸಂಬಂಧವಿಲ್ಲ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೊ ಅಕ್ಕಿ ಸಿಗದೆ ಕರ್ನಾಟಕ ಸರ್ಕಾರ ಪ್ರತಿ ವ್ಯಕ್ತಿಗೆ 170 ರೂಪಾಯಿ ಕೊಟ್ಟದ್ದು ಕೇಂದ್ರ ಮತ್ತು ರಾಜ್ಯದ ನಡುವಿನ ವಿಷಯವಾಗಿತ್ತು, ಜಿನೀವಾದ್ದಲ್ಲ.

ತೊಡಕಿರುವುದು ಆಚೆಯ ತುದಿಯಲ್ಲಿ, ಅಂದರೆ ಸರ್ಕಾರ ರೈತನಿಂದ ಕನಿಷ್ಠ ಬೆಂಬಲ ಬೆಲೆಗೆ ಧಾನ್ಯ ಕೊಳ್ಳುವಲ್ಲಿ. ಆ ಬೆಲೆ ಒಂದು ‘ಬಾಹ್ಯ ಉಲ್ಲೇಖ ಬೆಲೆ’ಗಿಂತ ಹೆಚ್ಚಿದ್ದರೆ ವ್ಯತ್ಯಾಸವನ್ನು ಸಹಾಯಧನವೆಂದು ಎಣಿಸಬೇಕು, ಅದು ಬೆಳೆಯ ಒಟ್ಟು ಮೌಲ್ಯದ ಶೇ 10 ದಾಟಬಾರದು. ಇಷ್ಟು ಕೇಳಿದರೆ ನ್ಯಾಯವೆನ್ನಿಸಬಹುದು. ಆದರೆ ಆ ಉಲ್ಲೇಖ ಬೆಲೆ ಯಾವ ಕಾಲದ್ದು? 1986ರಿಂದ 88ರ ಸರಾಸರಿ. ಭಾರತದ ಅಕ್ಕಿಗೆ ಅದು ಟನ್ನಿಗೆ 262.51 ಡಾಲರ್. ಹಣದುಬ್ಬರಕ್ಕೆ ತಕ್ಕಂತೆ ಅದನ್ನು ಒಂದು ಸಲವೂ ಪರಿಷ್ಕರಿಸಿಲ್ಲ.

ಲೆಕ್ಕ ಹಾಕಿ ನೋಡೋಣ. 2018–19ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,750 ರೂಪಾಯಿ. ನೂರು ಕಿಲೊ ಭತ್ತ ಕುಟ್ಟಿಸಿದರೆ ಸುಮಾರು 67 ಕಿಲೊ ಅಕ್ಕಿ; ಹಾಗಾಗಿ ಅಕ್ಕಿಯ ಲೆಕ್ಕದಲ್ಲಿ ಟನ್ನಿಗೆ 26,000 ರೂಪಾಯಿ, ಅಂದಿನ ವಿನಿಮಯ ದರದಲ್ಲಿ 370 ಡಾಲರ್ ಚಿಲ್ಲರೆ. ಹಳೆಯ ಉಲ್ಲೇಖ ಬೆಲೆ ಕಳೆದರೆ ಉಳಿಯುವುದು ಟನ್ನಿಗೆ ಸುಮಾರು 110 ಡಾಲರ್. ಆ ವರ್ಷ ಸರ್ಕಾರ ಕೊಂಡ ಅಕ್ಕಿ ಸುಮಾರು 4.4 ಕೋಟಿ ಟನ್. ಗುಣಿಸಿದರೆ 500 ಕೋಟಿ ಡಾಲರ್ ಆಸುಪಾಸು. ಭತ್ತದ ಒಟ್ಟು ಉತ್ಪಾದನೆಯ ಮೌಲ್ಯ 4,367 ಕೋಟಿ ಡಾಲರ್ ಎಂದು ಭಾರತ ತೋರಿಸಿತ್ತು, ಅದರ ಶೇ 10 ಎಂದರೆ 437 ಕೋಟಿ. ಹೀಗೆ ಸಿಂಧನೂರಿನ, ಗಂಗಾವತಿಯ ಭತ್ತದ ರೈತನಿಗೆ ಗೊಬ್ಬರದ ಬೆಲೆ 2018ರದ್ದು, ಕೂಲಿ 2018ರದ್ದು, ಜಿನೀವಾದ ಲೆಕ್ಕದಲ್ಲಿ ಮಾತ್ರ ಅಕ್ಕಿಯ ಬೆಲೆ 1988ರದ್ದು. ಮಿತಿ ಮೀರಿದ್ದೇವೆಂದು ಭಾರತವೇ 2020ರಲ್ಲಿ ತಿಳಿಸಬೇಕಾಯಿತು.

ಶಿಕ್ಷೆ ಏಕಾಗಲಿಲ್ಲವೆಂದರೆ ಅದಕ್ಕೆ 2013ರ ಬಾಲಿ ಸಮ್ಮೇಳನದಲ್ಲಿ ಪಡೆದ ‘ಶಾಂತಿ ಕಲಮು’ ಕಾರಣ. ಈಗಾಗಲೇ ನಡೆಯುತ್ತಿರುವ ಇಂಥ ಯೋಜನೆಗಳ ವಿರುದ್ಧ ಶಾಶ್ವತ ಪರಿಹಾರ ಸಿಗುವವರೆಗೆ ಯಾರೂ ದೂರು ಒಯ್ಯುವುದಿಲ್ಲ ಎಂಬುದು ಅದರ ತಿರುಳು. ‘ಸಿಗುವವರೆಗೆ’ ಎಂಬುದು ಸ್ಪಷ್ಟವಾಗಿರದ ಕಾರಣ 2014ರ ಜುಲೈನಲ್ಲಿ ಭಾರತ ವ್ಯಾಪಾರ ಸುಗಮ ಒಪ್ಪಂದಕ್ಕೆ ಅಡ್ಡ ನಿಂತು, ನವೆಂಬರ್‌ನಲ್ಲಿ ಅದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಂಡಿತು. ಶಾಶ್ವತ ಪರಿಹಾರ ಇನ್ನೂ ಬಂದಿಲ್ಲ. ಈ ನಡುವೆ ಅಮೆರಿಕಕ್ಕೆ 1,910 ಕೋಟಿ ಡಾಲರ್‌ವರೆಗೆ ಇಂಥ ಸಹಾಯಧನ ಕೊಡುವ ಹಕ್ಕು ಉರುಗ್ವೆ ಸುತ್ತಿನಿಂದಲೇ ಇದೆ, ಏಕೆಂದರೆ ಹಿಂದೆ ಹೆಚ್ಚು ಕೊಟ್ಟವರಿಗೆ ಮುಂದೆಯೂ ಹೆಚ್ಚು ಕೊಡುವ ಅವಕಾಶ ಸಿಕ್ಕಿತು. ಹಿಂದೆ ಕೊಡಲು ದುಡ್ಡಿಲ್ಲದವರಿಗೆ ಶೇ 10ರ ಗೆರೆ ಮಾತ್ರ.

ಅಭಿವೃದ್ಧಿಶೀಲ ರಾಷ್ಟ್ರಗಳೆಲ್ಲ ಒಂದೇ ಕಡೆ ಇರುತ್ತವೆಯೇ?

ಇಲ್ಲ. ಮೇಲಿನ ಅಕ್ಕಿಯ ವಿಷಯದಲ್ಲೇ, ಭಾರತದ ದಾಸ್ತಾನು ಅಗ್ಗದ ರಫ್ತಾಗಿ ತಮ್ಮ ರೈತರಿಗೆ ಪೆಟ್ಟು ಕೊಡುತ್ತಿದೆ ಎಂದು ಗಟ್ಟಿಯಾಗಿ ಆಕ್ಷೇಪಿಸುವವರಲ್ಲಿ ಥಾಯ್ಲೆಂಡ್ ಒಂದು. ಸಕ್ಕರೆಯದು ಇನ್ನೂ ಸ್ಪಷ್ಟ: 2019ರಲ್ಲಿ ಭಾರತದ ಮೇಲೆ ದೂರು ಕೊಟ್ಟದ್ದು ಆಸ್ಟ್ರೇಲಿಯಾ ಜೊತೆಗೆ ಬ್ರೆಜಿಲ್ ಮತ್ತು ಗ್ವಾಟೆಮಾಲಾ. ಮಂಡ್ಯ, ಬೆಳಗಾವಿಯ ಕಬ್ಬಿಗೆ ಕೇಂದ್ರ ನಿಗದಿ ಮಾಡುವ ನ್ಯಾಯೋಚಿತ ಮತ್ತು ಲಾಭದಾಯಕ ಬೆಲೆಯನ್ನು ಕಟ್ಟುವುದು ಕಾರ್ಖಾನೆ, ಸರ್ಕಾರವಲ್ಲ, ಆದ್ದರಿಂದ ಅದು ಸಹಾಯಧನವೇ ಅಲ್ಲ ಎಂಬ ಭಾರತದ ವಾದವನ್ನು ವಿಚಾರಣಾ ಮಂಡಳಿ 2021ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಬಾಕಿ ಹಣಕ್ಕಾಗಿ ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕೂರುವ ಬೆಳೆಗಾರ ತಾನು ಅಂತರರಾಷ್ಟ್ರೀಯ ಸಹಾಯಧನ ಪಡೆದವನೆಂದು ಕೇಳಿದರೆ ಏನೆಂದಾನೋ! ಭಾರತ ಮೇಲ್ಮನವಿ ಹಾಕಿದೆ, ಆದರೆ ಅದನ್ನು ಕೇಳುವ ಮಂಡಳಿಯೇ ಇಲ್ಲ.

ಮೇಲ್ಮನವಿ ಮಂಡಳಿ ಇಲ್ಲವೆಂದರೇನು?

ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿದ ಕಾರಣ 2019ರ ಡಿಸೆಂಬರ್ 11ರಿಂದ ಪೀಠ ನಡೆಸುವಷ್ಟು ಮಂದಿ ಅಲ್ಲಿಲ್ಲ. ಸೋತವರು ಮೇಲ್ಮನವಿ ಹಾಕಿದರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ಸಕ್ಕರೆ ಪ್ರಕರಣದಲ್ಲಿ ಭಾರತಕ್ಕೂ ಇದರಿಂದ ಬಿಡುವು ಸಿಕ್ಕಿದೆ ಎಂಬುದನ್ನು ಒಪ್ಪಬೇಕು. ಆದರೂ ತೀರ್ಪಿನ ದಾರಿ ಮುಚ್ಚಿದರೆ ಹೆಚ್ಚು ನಷ್ಟ ಸಣ್ಣವರಿಗೆ. ದೊಡ್ಡವರಿಗೆ ಸುಂಕ ಏರಿಸಿ ಬೆದರಿಸುವ ದಾರಿ ಹೇಗೂ ತೆರೆದೇ ಇದೆ.

ಔಷಧಗಳ ವಿಷಯದಲ್ಲಿ ಬಡ ದೇಶಗಳು ಗೆದ್ದವೇ?

ಒಂದು ಮಟ್ಟಿಗೆ. 1970ರ ಪೇಟೆಂಟ್ ಕಾಯ್ದೆಯಡಿ ಭಾರತದಲ್ಲಿ ಔಷಧ ತಯಾರಿಸುವ ವಿಧಾನಕ್ಕಷ್ಟೇ ಪೇಟೆಂಟ್ ಇತ್ತು, ಔಷಧಕ್ಕಿರಲಿಲ್ಲ. ಅದರ ಫಲವಾಗಿಯೇ 2001ರಲ್ಲಿ ಸಿಪ್ಲಾ ಕಂಪನಿ, ಆಗ ರೋಗಿಯೊಬ್ಬರಿಗೆ ವರ್ಷಕ್ಕೆ 10,000 ಡಾಲರ್ ದಾಟುತ್ತಿದ್ದ ಏಡ್ಸ್ ಔಷಧಗಳ ಜೋಡಣೆಯನ್ನು 350 ಡಾಲರ್‌ಗೆ ಕೊಡುತ್ತೇನೆಂದು ಮುಂದೆ ಬಂದದ್ದು. ಅದೇ ವರ್ಷ ನವೆಂಬರ್‌ನಲ್ಲಿ ದೋಹಾದಲ್ಲಿ, ಸಾರ್ವಜನಿಕ ಆರೋಗ್ಯ ಕಾಪಾಡಲು ದೇಶಗಳು ಕಡ್ಡಾಯ ಪರವಾನಗಿ (ಪೇಟೆಂಟ್ ಹೊಂದಿದವರ ಒಪ್ಪಿಗೆಯಿಲ್ಲದೆಯೂ ಬೇರೆಯವರು ಔಷಧ ತಯಾರಿಸುವ ಅನುಮತಿ) ನೀಡಬಹುದು ಎಂಬ ಘೋಷಣೆಯನ್ನು ಆಫ್ರಿಕಾ ಗುಂಪು, ಬ್ರೆಜಿಲ್ ಮತ್ತು ಭಾರತ ಸೇರಿ ಹೊರಡಿಸುವಂತೆ ಮಾಡಿದವು. ಭಾರತ 2005ರಲ್ಲಿ ಉತ್ಪನ್ನ ಪೇಟೆಂಟ್ ತಂದಾಗಲೂ, ಹಳೆಯ ಔಷಧದ ಹೊಸ ರೂಪಕ್ಕೆ ಗುಣ ಹೆಚ್ಚದೆ ಪೇಟೆಂಟ್ ಇಲ್ಲವೆನ್ನುವ 3(ಡಿ) ಕಲಮನ್ನು ಸೇರಿಸಿತು. 2013ರ ಏಪ್ರಿಲ್ 1ರಂದು ಸ್ವಿಸ್ ಔಷಧ ಕಂಪನಿ ನೊವಾರ್ಟಿಸ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದರ ಆಧಾರದ ಮೇಲೆಯೇ ತೀರ್ಪಿತ್ತಿತು. ಕೋವಿಡ್ ಕಾಲದ ಫಲಿತಾಂಶ ಅಷ್ಟು ಉಜ್ವಲವಲ್ಲ. ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಮೊದಲಾದ ನಿಯಮಗಳಿಂದ ಕೇಳಿದ ವಿಶಾಲ ವಿನಾಯಿತಿ 2022ರ ಜೂನ್‌ನಲ್ಲಿ ಲಸಿಕೆಗಳಿಗಷ್ಟೇ ಕುಗ್ಗಿ ಬಂತು, ಅಷ್ಟರಲ್ಲಿ ಸಾಂಕ್ರಾಮಿಕದ ಎರಡು ಅಲೆಗಳಿಗೂ ಹೆಚ್ಚು ದಾಟಿ ಹೋಗಿದ್ದವು.

1991ರ ಆರ್ಥಿಕ ಸುಧಾರಣೆಗೂ ಡಬ್ಲ್ಯುಟಿಒಗೂ ಏನು ಸಂಬಂಧ?

ಜನ ಭಾವಿಸುವುದಕ್ಕಿಂತ ಕಡಿಮೆ. ಡಬ್ಲ್ಯುಟಿಒ ಹುಟ್ಟಿದ್ದೇ 1995ರ ಜನವರಿ 1ರಂದು. 1991ರಲ್ಲಿ ನಮ್ಮನ್ನು ಒತ್ತಿದ್ದು ವಿದೇಶಿ ವಿನಿಮಯದ ಬರ, 47 ಟನ್ ಚಿನ್ನವನ್ನು ವಿದೇಶಕ್ಕೆ ಒತ್ತೆಗೆ ಕಳಿಸಬೇಕಾದ ಸ್ಥಿತಿ ಮತ್ತು ಐಎಂಎಫ್ ಸಾಲದ ಷರತ್ತುಗಳು. ಆ ಜುಲೈ ಬಜೆಟ್‌ನಲ್ಲಿ ಗರಿಷ್ಠ ಆಮದು ಸುಂಕ ಶೇ 150ಕ್ಕೆ ಇಳಿಯಿತು, 2007ರ ಹೊತ್ತಿಗೆ ಕೃಷಿಯೇತರ ಸರಕುಗಳಿಗೆ ಶೇ 10ಕ್ಕೆ ಬಂತು. ಇವು ನಾವೇ ಇಳಿಸಿಕೊಂಡವು. ಬದಲಿಗೆ ಮಾತುಕತೆಯ ಮೇಜಿನಲ್ಲಿ ಏನನ್ನೂ ಕೇಳಿ ಪಡೆಯಲಿಲ್ಲ. ಡಬ್ಲ್ಯುಟಿಒ ನೇರವಾಗಿ ಮಾಡಿಸಿದ್ದು ಇನ್ನೊಂದನ್ನು. ವಿದೇಶಿ ವಿನಿಮಯದ ಕೊರತೆಯ ಹೆಸರಿನಲ್ಲಿ ಉಳಿಸಿಕೊಂಡಿದ್ದ ಆಮದು ಪ್ರಮಾಣದ ನಿರ್ಬಂಧಗಳನ್ನು ಅಮೆರಿಕದ ದೂರಿನಲ್ಲಿ ಸೋತ ಮೇಲೆ ತೆಗೆಯಬೇಕಾಯಿತು. ಕೊನೆಯ 715 ಸರಕುಗಳು 2001ರ ಏಪ್ರಿಲ್ 1ರಂದು ಮುಕ್ತವಾದವು.

ಈ ವ್ಯತ್ಯಾಸ ಏಕೆ ಮುಖ್ಯವೆಂಬುದನ್ನು ರೇಷ್ಮೆ ತೋರಿಸುತ್ತದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಬಿದ್ದು ಬೆಳೆಗಾರರು ಬೀದಿಗಿಳಿದರು. ಡಬ್ಲ್ಯುಟಿಒಗೆ ಧಿಕ್ಕಾರ ಎಂಬ ಘೋಷಣೆ ಆಗಲೂ ಸುಲಭವಾಗಿತ್ತು, ಆದರೆ ಜಿನೀವಾದ ಯಾವ ಒಪ್ಪಂದವೂ ಆ ಇಳಿಕೆಯನ್ನು ಕೇಳಿರಲಿಲ್ಲ. ಸುಂಕವನ್ನು 2013ರಲ್ಲಿ ಶೇ 15ಕ್ಕೆ ಏರಿಸಿದ್ದೂ ದೆಹಲಿಯೇ.

ತಡವಾಗಿ ಸೇರುವ ದೇಶಗಳು ಹೆಚ್ಚು ಬೆಲೆ ತೆರುತ್ತವೆಯೇ?

ಹೌದು. ಒಳಗಿರುವ ಯಾವ ಸದಸ್ಯ ಬೇಕಾದರೂ ಬಾಗಿಲಲ್ಲಿ ನಿಂತವರಿಗೆ ಷರತ್ತು ಹಾಕಬಹುದು. ಸಮೋವಾ ಎಂಬ ಪುಟ್ಟ ದ್ವೀಪ ದೇಶ ತನ್ನ ಜನರ ಬೊಜ್ಜು ಹೆಚ್ಚುತ್ತಿದೆಯೆಂದು, ಅಮೆರಿಕದಲ್ಲಿ ಹೆಚ್ಚಿನವರು ತಿನ್ನದೆ ರಫ್ತಾಗುತ್ತಿದ್ದ ಕೊಬ್ಬಿನ ಟರ್ಕಿ ಕೋಳಿ ಬಾಲದ ಆಮದನ್ನು 2007ರಲ್ಲಿ ನಿಷೇಧಿಸಿತ್ತು. 2012ರಲ್ಲಿ ಸದಸ್ಯತ್ವ ಪಡೆಯಲು ಆ ನಿಷೇಧವನ್ನು ಬಿಡಲು ಒಪ್ಪಬೇಕಾಯಿತು.

ಈಗ ಎಲ್ಲರೂ ದ್ವಿಪಕ್ಷೀಯ ಒಪ್ಪಂದ ಮಾಡಿಕೊಳ್ಳುತ್ತಿರುವಾಗ ಜಿನೀವಾ ಏಕೆ ಬೇಕು?

ದ್ವಿಪಕ್ಷೀಯ ಮಾತುಕತೆಯಲ್ಲಿ ಗುಂಪು ಕಟ್ಟುವ ಅವಕಾಶವಿಲ್ಲ, ಆದ್ದರಿಂದ. ಅಲ್ಲಿ ಬೇಡವೆನ್ನುವ ಶಕ್ತಿ ಬರುವುದು ಮನೆಯೊಳಗಿನ ಒತ್ತಡದಿಂದ ಮಾತ್ರ. 2019ರ ನವೆಂಬರ್‌ನಲ್ಲಿ ಭಾರತ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಹೊರಗುಳಿದುದಕ್ಕೆ ಹಾಲು ಉತ್ಪಾದಕರ ವಿರೋಧವೂ ಒಂದು ಕಾರಣ. ನ್ಯೂಜಿಲೆಂಡ್‌ನ ಹಾಲಿನ ಪುಡಿ ಬಂದರೆ ಡೇರಿಗೆ ಹಾಲು ಹಾಕುವವರ ಗತಿಯೇನು ಎಂಬ ಪ್ರಶ್ನೆ ನಮ್ಮ ಹಾಲು ಒಕ್ಕೂಟಗಳಲ್ಲೂ ಎದ್ದಿತ್ತು. ಕಾಳುಮೆಣಸು ಇದರ ಇನ್ನೊಂದು ಮುಖ. ವಿಯೆಟ್ನಾಂನ ಮೆಣಸು ಶ್ರೀಲಂಕಾ ಒಪ್ಪಂದದ ರಿಯಾಯಿತಿಯಡಿ ಸುತ್ತುದಾರಿಯಲ್ಲಿ ಬರುತ್ತಿದೆ ಎಂಬ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರ ದೂರು ಹೆಚ್ಚಿದ ಮೇಲೆ 2017ರ ಡಿಸೆಂಬರ್‌ನಲ್ಲಿ ಕಿಲೊಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಜಾರಿಗೆ ಬಂತು.

ಈ ದಾಖಲೆಗಳನ್ನು ಸಾಮಾನ್ಯರು ಓದಬಹುದೇ?

ಓದಬಹುದು; ಬಹುತೇಕ ಎಲ್ಲವೂ ಡಬ್ಲ್ಯುಟಿಒ ಜಾಲತಾಣದಲ್ಲಿ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿವೆ. ಭಾರತ ಒಪ್ಪಿಕೊಂಡ ಸುಂಕಗಳ ಪಟ್ಟಿಗೆ ಹನ್ನೆರಡನೆಯ ಅನುಸೂಚಿ ಎಂದು ಹೆಸರು. ಬೆಳೆಯ ಎಚ್‌ಎಸ್ ಸಂಖ್ಯೆ (ಸರಕುಗಳನ್ನು ಗುರುತಿಸಲು ಎಲ್ಲ ದೇಶಗಳೂ ಬಳಸುವ ಸಂಕೇತ) ಗೊತ್ತಿದ್ದರೆ ಹುಡುಕುವುದು ಕಷ್ಟವಲ್ಲ: ಕಾಫಿ 0901, ಕಾಳುಮೆಣಸು 0904, ಕಚ್ಚಾ ರೇಷ್ಮೆ 5002. ಮೂರು ಅಂಕಿ ಬರೆದುಕೊಳ್ಳಿ. ಭಾರತ ಏರಿಸಬಹುದಾದ ಗರಿಷ್ಠ ಸುಂಕ, ಈಗ ವಿಧಿಸುತ್ತಿರುವ ಸುಂಕ, ಯಾವುದಾದರೂ ದ್ವಿಪಕ್ಷೀಯ ಒಪ್ಪಂದದಲ್ಲಿ ಬಿಟ್ಟುಕೊಟ್ಟ ಸುಂಕ. ಮೊದಲೆರಡರ ನಡುವೆ ಅಂತರವಿದ್ದರೆ ಮನವಿ ಹೋಗಬೇಕಾದದ್ದು ದೆಹಲಿಯ ಹಣಕಾಸು ಮತ್ತು ವಾಣಿಜ್ಯ ಸಚಿವಾಲಯಕ್ಕೆ. ಸೋಯಾ ಎಣ್ಣೆಯಂತೆ ಗರಿಷ್ಠವೇ ಶೇ 45ಕ್ಕೆ ಕಟ್ಟಿಹೋಗಿದ್ದರೆ ಸುಂಕ ಏರಿಸುವ ದಾರಿ ಅಲ್ಲಿಗೆ ಮುಗಿಯುತ್ತದೆ, ಆಗ ಮಾತಾಡಬೇಕಾದದ್ದು ಜಿನೀವಾದಲ್ಲಿ.